ಮೈಎಸ್‌ಕ್ಯೂಎಲ್‌ನಲ್ಲಿ 1213 ಎರರ್ ಬರುತ್ತಿದ್ದರೆ ಲಾಕ್ ಹಿಡಿಯುವ ಕ್ರಮ ನೋಡಿ

ಹಣ ವರ್ಗಾಯಿಸುವ ಒಂದು ಟ್ರಾನ್ಸಾಕ್ಷನ್ (ಒಟ್ಟಾಗಿ ನಡೆಯಬೇಕಾದ ಕ್ವೆರಿಗಳ ಗುಂಪು) 101ನೇ ಖಾತೆಯ ಸಾಲನ್ನು ಲಾಕ್ ಮಾಡಿ 205ಕ್ಕೆ ಕಾಯುತ್ತದೆ, ಇನ್ನೊಂದು 205 ಹಿಡಿದುಕೊಂಡು 101ಕ್ಕೆ. ಇದೇ ಡೆಡ್‌ಲಾಕ್, 1213 ಇದರದೇ ಎರರ್. ಮೈಎಸ್‌ಕ್ಯೂಎಲ್‌ನ ಸ್ಟೋರೇಜ್ ಎಂಜಿನ್ ಆದ ಇನ್ನೋಡಿಬಿ ಇದನ್ನು ಪತ್ತೆಹಚ್ಚಿ ಒಂದನ್ನು ಪೂರ್ತಿ ರೋಲ್‌ಬ್ಯಾಕ್ ಮಾಡುತ್ತದೆ, ಅಂದರೆ ಅದರ ಬದಲಾವಣೆಗಳನ್ನೆಲ್ಲ ರದ್ದು ಮಾಡುತ್ತದೆ.

ಹಣ ಯಾರಿಂದ ಯಾರಿಗೇ ಹೋಗಲಿ, ಚಿಕ್ಕ ಐಡಿಯ ಸಾಲನ್ನೇ ಮೊದಲು ಲಾಕ್ ಮಾಡಿ. ರಾತ್ರಿ ಓಡುವ ಬ್ಯಾಚ್ ಜಾಬ್‌ನಲ್ಲೂ ಇದೇ ಕ್ರಮ ಇರಲಿ. ಜನ ಮರೆಯುವುದು ಅದನ್ನೇ. ವೇರ್ ಷರತ್ತಿನ ಕಾಲಂಗೆ ಇಂಡೆಕ್ಸ್ ಇಲ್ಲದಿದ್ದರೆ, ಡೀಫಾಲ್ಟ್ ಐಸೋಲೇಷನ್ ಮಟ್ಟವಾದ ರಿಪೀಟಬಲ್ ರೀಡ್‌ನಲ್ಲಿ, ಅಪ್‌ಡೇಟ್ ಸ್ಕ್ಯಾನ್ ಮಾಡಿದ ಸಾಲುಗಳೆಲ್ಲ ಲಾಕ್ ಆಗುತ್ತವೆ. ಆಗ ಕ್ರಮವೊಂದೇ ಸಾಲದು. ಟ್ರಾನ್ಸಾಕ್ಷನ್ ನಡುವೆ ಪೇಮೆಂಟ್ ಎಪಿಐ ಕರೆಯಲೇಬೇಡಿ, ಉತ್ತರ ಬರುವವರೆಗೂ ಲಾಕ್ ಹಿಡಿದೇ ಇರುತ್ತದೆ.

ಆದರೂ 1213 ಬಂದರೆ ಕೊನೆಯ ಕ್ವೆರಿಯನ್ನಷ್ಟೇ ಅಲ್ಲ, ಇಡೀ ಟ್ರಾನ್ಸಾಕ್ಷನ್ ಅನ್ನು ಮೊದಲಿಂದ ನಡೆಸಿ. ಮೂರು ಸಲ ಸಾಕು, ನಡುವೆ ಕೆಲವು ಮಿಲಿಸೆಕೆಂಡ್ ರಾಂಡಮ್ ಅಂತರ ಕೊಡಿ. ಯಾವ ಎರಡು ಕ್ವೆರಿ ಸಿಕ್ಕಿಕೊಂಡವೆಂದು ‘ಶೋ ಎಂಜಿನ್ ಇನ್ನೋಡಿಬಿ ಸ್ಟೇಟಸ್’ ಹೇಳುತ್ತದೆ, ಆದರೆ ತೀರಾ ಇತ್ತೀಚಿನ ಡೆಡ್‌ಲಾಕ್‌ನದ್ದು ಮಾತ್ರ.