ಕೊಸರಿಗೆ ಬಂದ ಪಿಚರ್

2019ರ ಜೂನ್‌ನಲ್ಲಿ ಎರಡೇ ಎರಡು ರೂಪಾಯಿಗೆ ಗನ್ನರ್ ಹೆಂಡರ್ಸನ್ ಅನ್ನುವ ಬೇಸ್‌ಬಾಲ್ ಹುಡುಗ ನನ್ನ ಕೈ ತಪ್ಪಿದ. ರೂಪಾಯಿ ಅಂದರೆ ನಿಜವಾದ ದುಡ್ಡಲ್ಲ, ನಮ್ಮ ಆಟದ ದುಡ್ಡು. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ.

ನಾನು ಹಾಸನದವನು. ಬಾಲ್ಟಿಮೋರ್ ಹತ್ತಿರ ಕೆಲಸಕ್ಕೆ ಬಂದದ್ದು 2017ರಲ್ಲಿ. ಮರುವರ್ಷವೇ ಇಲ್ಲಿನ ಬೇಸ್‌ಬಾಲ್ ತಂಡ ಒರಿಯೋಲ್ಸ್ 162 ಪಂದ್ಯ ಆಡಿ 115 ಸೋತಿತು. ಇಷ್ಟು ಸೋಲುವ ತಂಡದ ಬಗ್ಗೆ ಆಫೀಸಿನವರು ಊಟದ ಹೊತ್ತಿನಲ್ಲಿ ಅಷ್ಟೊಂದು ಹುರುಪಿನಿಂದ ಮಾತಾಡೋದು ನೋಡಿ ನನಗೆ ಆರ್‌ಸಿಬಿ ಅಭಿಮಾನಿಗಳ ನೆನಪಾಯಿತು. ಅಲ್ಲೇ ಸಿಕ್ಕಿಬಿದ್ದೆ. ನಾವು ಹನ್ನೆರಡು ಜನ ಸೇರಿ ನಿಜವಾದ ಆಟಗಾರರ ಅಂಕಿಗಳ ಮೇಲೆ ಆಡುವ ಒಂದು ಫ್ಯಾಂಟಸಿ ಲೀಗ್ ಶುರು ಮಾಡಿದೆವು. ಡ್ರೀಮ್ ಇಲೆವೆನ್ ಥರ ದಿನಕ್ಕೊಂದು ತಂಡ ಅಲ್ಲ. ಒಮ್ಮೆ ಕಟ್ಟಿದ ತಂಡ ವರ್ಷವರ್ಷಕ್ಕೂ ನಿಮ್ಮದೇ. ಇದಕ್ಕೆ ಡೈನಾಸ್ಟಿ ಲೀಗ್ ಅಂತಾರೆ. ಇನ್ನೂ ದೊಡ್ಡ ಲೀಗಿಗೆ ಬರದ, ಕೆಳಗಿನ ಮೈನರ್ ಲೀಗ್‌ಗಳಲ್ಲಿ ಬೆಳೆಯುತ್ತಿರುವ ಹುಡುಗರನ್ನೂ ಸಾಕಬೇಕು. ಅವರೇ ಪ್ರಾಸ್ಪೆಕ್ಟ್‌ಗಳು.

ಹುಡುಗರು ಬರುವುದು ಡ್ರಾಫ್ಟ್‌ನಿಂದ. ಡ್ರಾಫ್ಟ್ ಅಂದರೆ ಹರಾಜಲ್ಲ, ಸರದಿ ಪ್ರಕಾರ ಆರಿಸಿಕೊಳ್ಳುವುದು. ಹೈಸ್ಕೂಲು, ಕಾಲೇಜು ಮುಗಿಸಿದ ಹುಡುಗರನ್ನು ತಂಡಗಳು ಹೀಗೆ ಹಂಚಿಕೊಳ್ಳುತ್ತವೆ. ಜಾಸ್ತಿ ಸೋತವರಿಗೆ ಮೊದಲ ಸರದಿ ಸಿಗುತ್ತಿತ್ತು. ಬೇಕಂತಲೇ ಸೋಲುತ್ತಾರೆ ಅಂತ ಗಲಾಟೆಯಾಗಿ 2023ರಿಂದ ಮೊದಲ ಆರು ಸರದಿಗೆ ಲಾಟರಿ ಎತ್ತುತ್ತಾರೆ. ನಮಗೂ ಡ್ರಾಫ್ಟ್ ಪೂರ್ತಿ ಹೊಸದೇನಲ್ಲ. 2008ರಲ್ಲಿ ಐಪಿಎಲ್ ತಂಡಗಳು 19ರೊಳಗಿನ ಹುಡುಗರನ್ನು ಡ್ರಾಫ್ಟ್ ಮಾಡಿಯೇ ತಗೊಂಡಿದ್ದವು. ದೆಹಲಿಯವರು ತಮ್ಮೂರಿನ ವಿರಾಟ್ ಕೊಹ್ಲಿಯನ್ನು ಬಿಟ್ಟು ಎಡಗೈ ವೇಗಿ ಪ್ರದೀಪ್ ಸಂಗ್ವಾನ್‌ನನ್ನು ಆರಿಸಿದರು. ಕೊಹ್ಲಿ ಬೆಂಗಳೂರಿಗೆ ಬಂದ. ಆಗ ದೆಹಲಿಯವರಿಗೆ ಬೌಲರ್ ಬೇಕಿತ್ತು, ಅಷ್ಟೇ. ಇವತ್ತಿನ ಹಸಿವು ನೋಡಿಕೊಂಡು ಡ್ರಾಫ್ಟ್ ಮಾಡಿದರೆ ಹೀಗೇ ಆಗೋದು.

ನಮ್ಮ ಲೀಗಿನ ನಿಯಮ ನಾವೇ ಮಾಡಿಕೊಂಡದ್ದು. ವರ್ಷಕ್ಕೆ ಒಬ್ಬೊಬ್ಬರಿಗೂ ನೂರು ರೂಪಾಯಿ. ನಿಮ್ಮ ಸರದಿ ಬಂದಾಗ ಹೆಸರು ಕರೆಯುತ್ತೀರಿ. ಬೇರೆಯವರು ಅವನ ಮೇಲೆ ಬೆಲೆ ಏರಿಸಬಹುದು. ಕೊನೆಯ ಬೆಲೆಗೆ ನೀವು ಸೈ ಅಂದರೆ ಹುಡುಗ ನಿಮ್ಮವನು, ಇಲ್ಲದಿದ್ದರೆ ಅವರವನು. ಐಪಿಎಲ್‌ನ ರೈಟ್ ಟು ಮ್ಯಾಚ್ ಇದೆಯಲ್ಲ, ಹಾಗೆ.

2019ರಲ್ಲಿ ನಾನು ಕೊನೆಯ ಸ್ಥಾನದಲ್ಲಿದ್ದೆ. ಮೊದಲ ಸರದಿ ನನ್ನದು. ಆ ವರ್ಷ ಒರಿಯೋಲ್ಸ್ ಕೂಡ ಮೊದಲ ಸರದಿಯಲ್ಲಿ ಆರೆಗಾನ್ ಸ್ಟೇಟ್ ಕಾಲೇಜಿನ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಥರ) ಆಡ್ಲಿ ರಚ್‌ಮನ್‌ನನ್ನು 81 ಲಕ್ಷ ಡಾಲರ್ ಬೋನಸ್ ಕೊಟ್ಟು ತಗೊಂಡಿತ್ತು. ನಾನೂ ಅವನನ್ನೇ ಕರೆದೆ. ಎಲ್ಲರೂ ಸೇರಿ ಬೆಲೆಯನ್ನು 78ಕ್ಕೆ ಒಯ್ದರು. ನಾನು ಹಿಂದೆ ಮುಂದೆ ನೋಡದೆ ಸೈ ಅಂದೆ. ಎರಡನೇ ಸುತ್ತಿನಲ್ಲಿ ಅಲಬಾಮಾದ ಸೆಲ್ಮಾ ಊರಿನ ಹೈಸ್ಕೂಲು ಶಾರ್ಟ್‌ಸ್ಟಾಪ್ ಹೆಂಡರ್ಸನ್ ಹೆಸರು ಕರೆದೆ. ಬಾಲ್ಟಿಮೋರ್‌ನಲ್ಲೇ ಹುಟ್ಟಿ ಬೆಳೆದ ಸಹೋದ್ಯೋಗಿಯೊಬ್ಬ 24 ಅಂದ. ನನ್ನ ಹತ್ತಿರ ಉಳಿದಿದ್ದು 22. ಮುಗೀತು. ಆಮೇಲೆ ನನಗೆ ಸಿಕ್ಕಿದ್ದೆಲ್ಲ ಒಂದೊಂದು ರೂಪಾಯಿಯ ಹುಡುಗರು. ಅವರಲ್ಲಿ ಒಬ್ಬನೂ ಮೇಲೆ ಬರಲಿಲ್ಲ.

ಸಂಕಟ ಅಂದರೆ, ನಾನು ಮಾಡದ್ದನ್ನು ನಿಜವಾದ ಒರಿಯೋಲ್ಸ್ ಮಾಡಿತ್ತು. ಅವರು ಹೆಂಡರ್ಸನ್‌ನನ್ನು 42ನೇ ಆಯ್ಕೆಯಾಗಿ ತಗೊಂಡು, ಆ ಜಾಗಕ್ಕೆ ನಿಗದಿಯಾದ ಬೆಲೆಗಿಂತ ಜಾಸ್ತಿ, 23 ಲಕ್ಷ ಡಾಲರ್ ಕೊಟ್ಟಿದ್ದರು. ಅಷ್ಟು ಕೊಡದಿದ್ದರೆ ಹುಡುಗ ಆಬರ್ನ್ ಕಾಲೇಜಿಗೆ ಹೋಗುತ್ತಿದ್ದ. ಇದು ಹೇಗೆ ಅಂತ ತಿಳಿಯಲು ಕೂತೆ. ಆಗ ಗೊತ್ತಾಯಿತು, ಬೇಸ್‌ಬಾಲ್ ಡ್ರಾಫ್ಟ್ ಅರ್ಧ ಆಟದ ಲೆಕ್ಕ, ಅರ್ಧ ಮದುವೆ ಖರ್ಚಿನ ಲೆಕ್ಕ.

2012ರಿಂದ ಮೊದಲ ಹತ್ತು ಸುತ್ತಿನ ಪ್ರತಿ ಆಯ್ಕೆಗೂ ಒಂದು ಬೆಲೆ ಕಟ್ಟಿರುತ್ತಾರೆ. ಅದು ಸ್ಲಾಟ್. ಒಂದು ತಂಡದ ಎಲ್ಲ ಸ್ಲಾಟ್ ಕೂಡಿಸಿದರೆ ಆ ವರ್ಷದ ಬೋನಸ್ ಪೂಲ್. ಅದನ್ನು ಶೇಕಡಾ 5ಕ್ಕಿಂತ ಹೆಚ್ಚು ಮೀರಿದರೆ ಮುಂದಿನ ವರ್ಷದ ಮೊದಲ ಆಯ್ಕೆಯೇ ಹೋಗುತ್ತದೆ. ಆದರೆ ಒಳಗೊಳಗೆ ಹೇಗೆ ಬೇಕಾದರೂ ಹಂಚಬಹುದು. ಇದನ್ನು ಮೊದಲು ಚೆನ್ನಾಗಿ ಬಳಸಿದ್ದು ಹ್ಯೂಸ್ಟನ್ ಆಸ್ಟ್ರೋಸ್. 2012ರಲ್ಲಿ ಮೊದಲ ಆಯ್ಕೆಗೆ 72 ಲಕ್ಷ ಡಾಲರ್ ಸ್ಲಾಟ್ ಇತ್ತು. ಅವರು ಪೋರ್ಟೊ ರಿಕೊದ ಕಾರ್ಲೋಸ್ ಕೊರಿಯಾನನ್ನು 48 ಲಕ್ಷಕ್ಕೆ ಒಪ್ಪಿಸಿದರು. ಉಳಿದ ದುಡ್ಡು ಸೇರಿಸಿ 41ನೇ ಆಯ್ಕೆಯಾದ ಪಿಚರ್, ಅಂದರೆ ಚೆಂಡು ಎಸೆಯುವವ, ಲ್ಯಾನ್ಸ್ ಮೆಕಲರ್ಸ್‌ಗೆ 25 ಲಕ್ಷ ಕೊಟ್ಟರು. ಐದು ವರ್ಷದಲ್ಲಿ ಇಬ್ಬರೂ ವರ್ಲ್ಡ್ ಸೀರೀಸ್, ಅಂದರೆ ಲೀಗಿನ ಫೈನಲ್, ಗೆದ್ದ ತಂಡದಲ್ಲಿದ್ದರು. ಆಗ ಆಸ್ಟ್ರೋಸ್‌ನ ಹುಡುಗರನ್ನು ಹುಡುಕುವ ಸ್ಕೌಟಿಂಗ್ ವಿಭಾಗದಲ್ಲಿದ್ದ ಮೈಕ್ ಎಲಿಯಾಸ್ 2018ರ ನವೆಂಬರ್‌ನಲ್ಲಿ ಒರಿಯೋಲ್ಸ್‌ಗೆ ಜನರಲ್ ಮ್ಯಾನೇಜರ್ ಆಗಿ ಬಂದರು. ಅಲ್ಲಿಗೆ ಎಲ್ಲ ಅರ್ಥವಾಯಿತು.

2020ರಲ್ಲಿ ಎಲಿಯಾಸ್ ಮತ್ತೆ ಅದನ್ನೇ ಮಾಡಿದರು. ಕೋವಿಡ್ ವರ್ಷ, ಡ್ರಾಫ್ಟ್ ಐದೇ ಸುತ್ತು. ಎರಡನೇ ಆಯ್ಕೆಯಾಗಿ ಹೆಸ್ಟನ್ ಕೆರ್‌ಸ್ಟಾಡ್‌ನನ್ನು ಕರೆದಾಗ ನೋಡುತ್ತಿದ್ದವರೆಲ್ಲ ಹುಬ್ಬೇರಿಸಿದರು. ಪಟ್ಟಿಗಳಲ್ಲಿ ಅವನು ಹತ್ತರ ಆಸುಪಾಸಿನಲ್ಲಿದ್ದ. ಸುಮಾರು 78 ಲಕ್ಷದ ಸ್ಲಾಟ್, ಕೊಟ್ಟಿದ್ದು 52 ಲಕ್ಷ. ಉಳಿಸಿದ್ದರಲ್ಲಿ ನಾಲ್ಕನೇ ಸುತ್ತಿನ ಕೋಬಿ ಮೇಯೊಗೆ ಆ ಜಾಗದ ಬೆಲೆಯ ಮೂರು ಪಟ್ಟು, ಹದಿನೇಳೂವರೆ ಲಕ್ಷ. ನಾನೂ ಹಾಗೇ ಮಾಡಿದೆ. ಯಾರಿಗೂ ಅಷ್ಟಾಗಿ ಬೇಡವಾಗಿದ್ದ ಕೆರ್‌ಸ್ಟಾಡ್ ನನಗೆ 30ಕ್ಕೆ ಬಂದ. ಮೇಯೊ ಮೇಲೆ ಬೆಲೆ ಏರಿದಾಗ ಧೈರ್ಯವಾಗಿ 26ಕ್ಕೆ ಸೈ ಅಂದೆ. ಕೈಯಲ್ಲಿ ಇನ್ನೂ ದುಡ್ಡಿತ್ತು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಡ್ರಾಫ್ಟ್ ಇಷ್ಟು. ಟ್ರೇಡ್ ವಿಷಯ ಬೇರೆ.

ನಿಜವಾದ ಲೀಗಿನಲ್ಲಿ ಡ್ರಾಫ್ಟ್ ಸರದಿಗಳನ್ನು ಮಾರುವಂತಿಲ್ಲ, ಚಿಕ್ಕ ಊರಿನ ತಂಡಗಳಿಗೆ ಹೆಚ್ಚುವರಿಯಾಗಿ ಕೊಡುವ ಕೆಲವನ್ನು ಬಿಟ್ಟರೆ. ಹಾಗಾಗಿ ಟ್ರೇಡ್ ಅಂದರೆ ಪ್ರಾಸ್ಪೆಕ್ಟ್ ಹುಡುಗರೇ ನಾಣ್ಯ. ಸ್ಟಾರ್ ಆಟಗಾರನನ್ನು ಕೊಟ್ಟು ನಾಲ್ಕೈದು ಹುಡುಗರನ್ನು ತಗೋತಾರೆ. 2018ರ ಜುಲೈನಲ್ಲಿ ಒರಿಯೋಲ್ಸ್ ಮ್ಯಾನಿ ಮಚಾಡೊನನ್ನು ಡಾಡ್ಜರ್ಸ್‌ಗೆ ಕೊಟ್ಟು ಐವರನ್ನು ತಂದಿತು. ದೊಡ್ಡ ಹೆಸರು ಯೂಸ್ನಿಯಲ್ ಡಿಯಾಸ್. ಅದೇ ವಾರ ಪ್ರಾಸ್ಪೆಕ್ಟ್‌ಗಳ ಪ್ರದರ್ಶನ ಪಂದ್ಯವಾದ ಫ್ಯೂಚರ್ಸ್ ಗೇಮ್‌ನಲ್ಲಿ ಎರಡು ಹೋಮ್ ರನ್ ಹೊಡೆದಿದ್ದ. ಅವನು ಒರಿಯೋಲ್ಸ್ ಪರ ಆಡಿದ್ದು ಒಂದೇ ಪಂದ್ಯ. ಉಳಿದದ್ದು ಜತೆಗೆ ಬಂದ ಡೀನ್ ಕ್ರೀಮರ್. 2019ರ ಡಿಸೆಂಬರ್‌ನಲ್ಲಿ ಡೈಲನ್ ಬಂಡಿಯನ್ನು ಏಂಜೆಲ್ಸ್‌ಗೆ ಕೊಟ್ಟಾಗ ನಾಲ್ಕು ಪಿಚರ್‌ಗಳು ಬಂದರು. ಅವರಲ್ಲಿ ಕೈಲ್ ಬ್ರ್ಯಾಡಿಶ್ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ನನಗೆ ನಮ್ಮಮ್ಮ ಸೊಪ್ಪು ಕೊಳ್ಳುವುದು ನೆನಪಾಗುತ್ತಿತ್ತು. ಕಟ್ಟಿನ ಬೆಲೆಗೆ ಜಾಸ್ತಿ ಚೌಕಾಸಿ ಮಾಡುತ್ತಿರಲಿಲ್ಲ. ಕೊನೆಗೆ ಚೀಲ ಹಿಡಿದುಕೊಂಡು ನಿಂತು "ಕೊಸರು ಹಾಕಮ್ಮ" ಅನ್ನುತ್ತಿದ್ದಳು. ಕೊತ್ತಂಬರಿ, ಎರಡು ಹಸಿಮೆಣಸು, ಒಂದು ತುಂಡು ಶುಂಠಿ. ವಾರವಿಡೀ ನಮ್ಮನೆ ಸಾರಿನ ರುಚಿ ಆ ಕೊಸರಿನದೇ.

ನಮ್ಮ ಲೀಗಿನಲ್ಲಿ ಸಾಗರದ ಗೆಳೆಯನೊಬ್ಬನಿದ್ದಾನೆ. 2021ರ ಆರಂಭದಲ್ಲಿ ಅವನಿಗೆ ನನ್ನ ಒಬ್ಬ ಅನುಭವಿ ಬ್ಯಾಟರ್ ಬೇಕಿತ್ತು. ದೊಡ್ಡ ಪ್ರಾಸ್ಪೆಕ್ಟ್ ಯಾರು ಅಂತ ಎರಡು ವಾರ ಫೋನಲ್ಲಿ ಎಳೆದಾಡಿದೆವು. ಕೊನೆಗೆ ಅವನು ಹೇಳಿದವನಿಗೇ ಒಪ್ಪಿದೆ.

"ಸರಿ, ಕೊಸರಿಗೆ ಬ್ರ್ಯಾಡಿಶ್ ಹಾಕು" ಅಂದೆ.

"ಅವನ್ಯಾರು ಮಾರಾಯ? ತಗೋ, ನನಗೂ ಒಂದು ಜಾಗ ಖಾಲಿ ಆಗುತ್ತೆ."

2023ರಲ್ಲಿ ಬ್ರ್ಯಾಡಿಶ್ 2.83ರ ಸರಾಸರಿಯಲ್ಲಿ (ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್, ಕಡಿಮೆಯಾದಷ್ಟೂ ಒಳ್ಳೆಯದು) ಪಿಚ್ ಮಾಡಿ, ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯ ಮತದಾನದಲ್ಲಿ ನಾಲ್ಕನೆಯವನಾದ. ಅವನ ಜತೆ ನನಗೆ ಬಂದ ದೊಡ್ಡ ಹೆಸರಿನವನು ಮೊಣಕಾಲು ನೋವು ಅಂತ ಎಲ್ಲೋ ಕರಗಿಹೋದ. ಮರುವರ್ಷ ಬ್ರ್ಯಾಡಿಶ್‌ಗೂ ಮೊಣಕೈ ಆಪರೇಷನ್ ಆಯಿತು ಅನ್ನುವುದು ಬೇರೆ ಮಾತು. ಪಿಚರ್‌ಗಳ ಮೊಣಕೈ ನಂಬಿ ಸಾಲ ಮಾಡಬಾರದು.

ಇನ್ನು ಹೆಂಡರ್ಸನ್. ಅವನನ್ನು ನಾನು ಬಿಟ್ಟಿರಲಿಲ್ಲ. 2021ರ ಬೇಸಿಗೆಯಲ್ಲಿ ಅವನು ಅಬರ್ಡೀನ್‌ನ ಮೈನರ್ ಲೀಗ್ ತಂಡದಲ್ಲಿ ಒದ್ದಾಡುತ್ತಿದ್ದ. ಅಂಕಿ ನೋಡಿದರೆ ಬೇಡ ಅನ್ನಿಸುವಂತಿತ್ತು. ಆಗಸ್ಟ್‌ನ ಒಂದು ಸಂಜೆ ಆಫೀಸ್ ಮುಗಿಸಿ ನೇರವಾಗಿ ರಿಪ್ಕನ್ ಸ್ಟೇಡಿಯಂಗೆ ಹೋದೆ. ಐ-95 ಹೆದ್ದಾರಿ ಪಕ್ಕದಲ್ಲೇ ಇದೆ. ಕ್ಯಾಚರ್‌ನ ಹಿಂದೆ, ಬಲೆಯ ಪಕ್ಕ ಕೂತೆ. ನನ್ನ ಮುಂದಿನ ಸಾಲಿನಲ್ಲಿ ಟೋಪಿ ಹಾಕಿಕೊಂಡ ಇಬ್ಬರು ಸ್ಕೌಟ್‌ಗಳು ರಾಡಾರ್ ಗನ್ ಹಿಡಿದು ಕಡಲೆಕಾಯಿ ಬಿಡಿಸುತ್ತಿದ್ದರು. ಅವರು ಹುಡುಗರ ಒಂದೊಂದು ಕಸುಬಿಗೂ 20ರಿಂದ 80ರವರೆಗೆ ಅಂಕ ಕೊಡುತ್ತಾರೆ. 50 ಬಂದರೆ ದೊಡ್ಡ ಲೀಗಿನಲ್ಲಿ ಸಾಧಾರಣ ಅಂತ.

ಹೆಂಡರ್ಸನ್ ಎರಡು ಸಲ ಚೆಂಡು ಹೊಡೆಯಲಾಗದೆ ಸ್ಟ್ರೈಕ್‌ಔಟ್ ಆದ. ಮೂರನೇ ಸಲ ಒಂದು ಫೌಲ್ ಹೊಡೆದ. ಚೆಂಡು ಹೊರಗೇ ಹೋಯಿತು, ಆದರೆ ಬ್ಯಾಟಿನ ಸದ್ದಿಗೆ ಮುಂದಿನ ಸಾಲಿನವನ ಕೈ ಕಡಲೆಕಾಯಿ ಪೊಟ್ಟಣದಲ್ಲೇ ನಿಂತಿತು. ಆಮೇಲೆ ಕಾರ್ಯಕ್ರಮ ಪುಸ್ತಕದಲ್ಲಿ ವಯಸ್ಸು ನೋಡಿದೆ. ಇವನಿಗೆ 20. ಎದುರಿಗೆ ಚೆಂಡು ಎಸೆಯುತ್ತಿದ್ದವರು ಹೆಚ್ಚಿನವರು ಕಾಲೇಜು ಮುಗಿಸಿ ಬಂದವರು, 22, 23. ಪಿಯುಸಿ ಹುಡುಗನನ್ನು ರಣಜಿಗೆ ಇಳಿಸಿ ಸೊನ್ನೆಗೆ ಔಟಾದ ಅಂತ ಬೈದ ಹಾಗೆ. ಪ್ರಾಸ್ಪೆಕ್ಟ್ ನೋಡುವಾಗ ನಾನು ಇವತ್ತಿಗೂ ಮೊದಲು ನೋಡುವುದು ಇದನ್ನೇ: ಆ ಮಟ್ಟಕ್ಕೆ ಇವನು ಎಷ್ಟು ಚಿಕ್ಕವನು.

ಮರುದಿನವೇ ಸಹೋದ್ಯೋಗಿಗೆ ಫೋನ್ ಮಾಡಿದೆ. ಅವನು ಆ ವರ್ಷ ಗೆಲ್ಲುವ ಹುಮ್ಮಸ್ಸಿನಲ್ಲಿದ್ದ, ಹೆಂಡರ್ಸನ್ ಮೇಲೆ ಬೇಸರವೂ ಬಂದಿತ್ತು. ಪಂದ್ಯದ ಕೊನೆಗೆ ಎಸೆಯುವ ಒಬ್ಬ ಪಿಚರ್ (ಕ್ಲೋಸರ್), ಒಬ್ಬ ಔಟ್‌ಫೀಲ್ಡರ್ ಕೊಟ್ಟು ಬಿಡಿಸಿಕೊಂಡೆ. ಮುಂದಿನ ವಸಂತದಲ್ಲಿ ಹೆಂಡರ್ಸನ್ ಇನ್ನೊಂದು ಮೆಟ್ಟಿಲು ಮೇಲಿನ ಬೋವಿ ತಂಡದಲ್ಲಿ ಸ್ಟ್ರೈಕ್‌ಔಟ್‌ಗಿಂತ ಜಾಸ್ತಿ ವಾಕ್ ತಗೊಂಡ, ಅಂದರೆ ಕೆಟ್ಟ ಎಸೆತಗಳನ್ನು ಬಿಟ್ಟು ಪುಕ್ಕಟೆ ಬೇಸ್ ಗಳಿಸಿದ. ಆಗಸ್ಟ್ 31ಕ್ಕೆ ದೊಡ್ಡ ಲೀಗಿಗೆ ಬಂದ. 2023ರಲ್ಲಿ ವರ್ಷದ ಅತ್ಯುತ್ತಮ ಹೊಸ ಆಟಗಾರ, ರೂಕಿ ಆಫ್ ದಿ ಇಯರ್ ಆದ, ಒಂದು ಮತವೂ ಬೇರೆ ಕಡೆ ಹೋಗದೆ.

ಇಷ್ಟು ಹೇಳಿದ ಮೇಲೆ ತಪ್ಪನ್ನೂ ಹೇಳಲೇಬೇಕು. 2023ರ ಜುಲೈನಲ್ಲಿ ನಾನು ಮೂರನೇ ಸ್ಥಾನದಲ್ಲಿದ್ದೆ. ಒಬ್ಬ ಗೆಳೆಯ ಕೆರ್‌ಸ್ಟಾಡ್ ಮತ್ತು ಮೇಯೊ ಕೊಟ್ಟರೆ ಕಾರ್ಬಿನ್ ಬರ್ನ್ಸ್‌ನನ್ನು ಕೊಡುತ್ತೇನೆ ಅಂದ. ಬರ್ನ್ಸ್ 2021ರ ಸೈ ಯಂಗ್ ವಿಜೇತ. ನಾನು ಬೇಡ ಅಂದೆ. ಕೆರ್‌ಸ್ಟಾಡ್‌ಗೆ ಡ್ರಾಫ್ಟ್ ಆದ ಮೇಲೆ ಹೃದಯದ ಸ್ನಾಯುವಿನ ಉರಿಯೂತ ಆಗಿ 2021ರ ಸೀಸನ್ ಪೂರ್ತಿ ಹೋಗಿತ್ತು. ಅವನನ್ನು ಕಾದು ಕಾದು ನನಗೆ ಮಗನ ಥರ ಆಗಿಬಿಟ್ಟಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು. ಆ ವರ್ಷ ಎರಡನೇ ಸ್ಥಾನಕ್ಕೆ ಬಂದು ನಿಂತೆ, ಪಿಚಿಂಗ್‌ನಲ್ಲೇ ಸೋತೆ. ಮುಂದಿನ ಫೆಬ್ರವರಿಯಲ್ಲಿ ನಿಜವಾದ ಒರಿಯೋಲ್ಸ್ ಜೋಯಿ ಒರ್ಟಿಸ್, ಡಿ.ಎಲ್. ಹಾಲ್ ಮತ್ತು 34ನೇ ಡ್ರಾಫ್ಟ್ ಆಯ್ಕೆ ಕೊಟ್ಟು ಅದೇ ಬರ್ನ್ಸ್‌ನನ್ನು ತಂದಿತು. ಅವರು ಮೇಯೊನನ್ನೂ ಕೊಡಲಿಲ್ಲ, ಕೆರ್‌ಸ್ಟಾಡ್‌ನನ್ನೂ ಕೊಡಲಿಲ್ಲ. ಅದೊಂದೇ ಸಮಾಧಾನ. ಜುಲೈನಲ್ಲಿ ಕೆರ್‌ಸ್ಟಾಡ್ ತಲೆಗೆ ಚೆಂಡು ಬಿತ್ತು. ಆಮೇಲೆ ಅವನ ಬ್ಯಾಟಿಂಗ್ ಹಳಿಗೆ ಬರಲಿಲ್ಲ. ಅವನು ಇನ್ನೂ ನನ್ನ ತಂಡದಲ್ಲೇ ಇದ್ದಾನೆ. ಕೇಳಬೇಡಿ.

ಅದೇ ಜುಲೈನ ಕೊನೆಯಲ್ಲಿ ಒರಿಯೋಲ್ಸ್ ಕೈಲ್ ಸ್ಟವರ್ಸ್ ಮತ್ತು ಕಾನರ್ ನಾರ್ಬಿಯನ್ನು ಮಯಾಮಿಗೆ ಕೊಟ್ಟು ಎಡಗೈ ಪಿಚರ್ ಟ್ರೆವರ್ ರಾಜರ್ಸ್‌ನನ್ನು ತಂದಿತು. ರಾಜರ್ಸ್ ನನ್ನ ತಂಡದಲ್ಲೇ ಇದ್ದ. ಬಾಲ್ಟಿಮೋರ್‌ಗೆ ಬಂದು ನಾಲ್ಕು ಪಂದ್ಯ ಕೆಟ್ಟದಾಗಿ ಎಸೆದು ಮತ್ತೆ ಮೈನರ್ ಲೀಗಿಗೆ ಇಳಿದ. ಟ್ರೇಡ್ ಹಾಳಾಯಿತು ಅಂತ ಊಟದ ಹೊತ್ತಿನಲ್ಲಿ ಎಲ್ಲರೂ ಬೈದರು, ನಾನೂ ಸೇರಿ. ಚಳಿಗಾಲದಲ್ಲಿ ಸಾಗರದ ಗೆಳೆಯನ ಜತೆ ಮತ್ತೊಂದು ವ್ಯವಹಾರ ಆಯಿತು. ಎಲ್ಲ ಮುಗಿದ ಮೇಲೆ ಅವನು ಏನೂ ಗೊತ್ತಿಲ್ಲದವನ ಹಾಗೆ, "ಕೊಸರು ಇಲ್ವಾ?" ಅಂದ. ನಾನು ನಗುತ್ತಾ ರಾಜರ್ಸ್‌ನನ್ನು ಹಾಕಿದೆ.

2025ರಲ್ಲಿ ಸ್ಟವರ್ಸ್ ಮಯಾಮಿ ಪರ ಆಲ್ ಸ್ಟಾರ್ ಆದ. ರಾಜರ್ಸ್ 18 ಪಂದ್ಯ ಎಸೆದ, ಸರಾಸರಿ 1.81.

ಸೆಪ್ಟೆಂಬರ್‌ನಲ್ಲಿ ಗೆಳೆಯ ಫೋನ್ ಮಾಡಿದ. ಹಲೋ ಕೂಡ ಅನ್ನಲಿಲ್ಲ. "ಮಾರಾಯ, ಕೊತ್ತಂಬರಿ ಸೊಪ್ಪು ಬಾರೀ ಚೆನ್ನಾಗಿತ್ತು" ಅಂದ.