ಹಾಫ್-ಲೈಫ್ 2: ಒಂದನ್ನೂ ಬಿಡದೆ ಎಲ್ಲ ಅಚೀವ್‌ಮೆಂಟ್‌ ಗಳಿಸುವ ಬಗೆ

ಹಾಫ್-ಲೈಫ್ 2 ಎಂಬ ವಿಡಿಯೊ ಗೇಮನ್ನು ಈವರೆಗೆ ಆಡಿಯೇ ಇಲ್ಲ ಎನ್ನುವವರು ಮೊದಲ ಸಲ ಅಚೀವ್‌ಮೆಂಟ್‌ಗಳ, ಅಂದರೆ ಗೊತ್ತುಪಡಿಸಿದ ಸಾಹಸ ಮಾಡಿದಾಗ ಆಟ ದಾಖಲಿಸುವ ಗುರುತುಗಳ, ಪಟ್ಟಿಯತ್ತ ತಿರುಗಿಯೂ ನೋಡಬೇಡಿ. ಕಥೆಯನ್ನು ಕಥೆಯಾಗಿಯೇ ಆಡಿ ಮುಗಿಸಿ. ಆಟ ಬಂದದ್ದು 2004ರಲ್ಲಿ. ಕಂಪ್ಯೂಟರ್ ಆವೃತ್ತಿಗೆ ಅಚೀವ್‌ಮೆಂಟ್‌ಗಳು ಸೇರಿದ್ದು 2010ರಲ್ಲಿ. ವಾಲ್ವ್ ಕಂಪನಿಯವರು ಈ ಲೋಕವನ್ನು ಕಟ್ಟುವಾಗ ಇವುಗಳ ಲೆಕ್ಕವೇ ಇರಲಿಲ್ಲ. ಅಲ್ಲಿ ಮೊದಲೇ ಇದ್ದ ಹಲಗೆ, ಗರಗಸದ ಚಕ್ರ, ಡಬ್ಬಿಗಳ ಕಡೆಗೇ ಇವು ನಮ್ಮ ಕಣ್ಣು ತಿರುಗಿಸುತ್ತವೆ. ಎರಡನೆಯ ಸುತ್ತಿಗೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಗೊತ್ತಿಲ್ಲ.

ಮೂಲ ಕಥೆಗೆ 33 ಅಚೀವ್‌ಮೆಂಟ್‌ಗಳಿವೆ. ಅವುಗಳಲ್ಲಿ ಹಲವು ಆಡುತ್ತಾ ಹೋದಂತೆ ತಾವಾಗಿಯೇ ಸಿಗುತ್ತವೆ. ಕಠಿಣತೆಯ ಮಟ್ಟಕ್ಕೆ ಸಂಬಂಧಿಸಿದ್ದು ಒಂದೂ ಇಲ್ಲ. ಆದ್ದರಿಂದ ಎರಡನೆಯ ಸುತ್ತನ್ನು ಯಾವ ಅಳುಕೂ ಇಲ್ಲದೆ ಸುಲಭ ಮಟ್ಟದಲ್ಲಿ ಆರಂಭಿಸಿ. ಆಟವನ್ನು ಅಡ್ಡದಾರಿಯಲ್ಲಿ ಸುಲಭಗೊಳಿಸುವ ಚೀಟ್‌ಗಳನ್ನು ಮಾತ್ರ ಮುಟ್ಟಬೇಡಿ. ಒಮ್ಮೆ ಚಾಲೂ ಮಾಡಿದರೆ ಆ ಹೊತ್ತಿನ ಆಟದಲ್ಲಿ ಅಚೀವ್‌ಮೆಂಟ್‌ ದಾಖಲಾಗುವುದಿಲ್ಲ. ಹಳೆಯ ಶೂಟರ್‌ಗಳನ್ನು ಆಡಿದರೆ ತಲೆ ಸುತ್ತುತ್ತದೆ ಎನ್ನುವವರು ಆಯ್ಕೆಗಳಿಗೆ ಹೋಗಿ ದೃಷ್ಟಿಕೋನವನ್ನು, ಅಂದರೆ ಫೀಲ್ಡ್ ಆಫ್ ವ್ಯೂ ಅನ್ನು, 75ರಿಂದ 90ಕ್ಕೆ ಏರಿಸಿಕೊಳ್ಳಿ. ದೋಣಿ ಓಡಿಸುವ ಅಧ್ಯಾಯದಲ್ಲಿ ಇದರ ಬೆಲೆ ತಿಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಸೇವ್ ಮಾಡುವ ಶಿಸ್ತು. ಎಫ್6 ಒತ್ತಿದರೆ ಕ್ವಿಕ್ ಸೇವ್, ಎಫ್9 ಒತ್ತಿದರೆ ಆ ಜಾಗಕ್ಕೆ ವಾಪಸ್. ಆದರೆ ಕ್ವಿಕ್ ಸೇವ್ ಒಂದನ್ನೇ ನಂಬಿ ಕೂರಬೇಡಿ. ಷರತ್ತು ಮುರಿದ ಮೇಲೆ ಗೊತ್ತಿಲ್ಲದೆ ಎಫ್6 ಒತ್ತಿದರೆ ಹಿಂದಿರುಗಲು ಜಾಗವೇ ಉಳಿಯುವುದಿಲ್ಲ. ಪ್ರತಿ ಅಧ್ಯಾಯದ ಆರಂಭದಲ್ಲಿ ಮೆನುವಿನಿಂದ ಬೇರೆಯಾಗಿ ಒಂದು ಸೇವ್ ಮಾಡಿ, ಆಟ ಪೂರ್ತಿ ಮುಗಿಯುವವರೆಗೆ ಅದನ್ನು ಅಳಿಸದೆ ಇಟ್ಟುಕೊಳ್ಳಿ.

ಇದರ ಉಪಯೋಗ ರೈಲು ನಿಲ್ದಾಣದಲ್ಲೇ ಕಾಣುತ್ತದೆ. ಕಾವಲುಗಾರನೊಬ್ಬ ಡಬ್ಬಿಯೊಂದನ್ನು ಕೆಳಗೆ ಬೀಳಿಸಿ, ಅದನ್ನೆತ್ತಿ ಕಸದ ತೊಟ್ಟಿಗೆ ಹಾಕು ಎಂದು ಗದರುತ್ತಾನೆ. ಹಾಕಿದರೆ 'ಸಬ್‌ಮಿಸಿವ್', ಅದೇ ಡಬ್ಬಿಯಿಂದ ಅವನಿಗೇ ಹೊಡೆದರೆ 'ಡಿಫಾಯಂಟ್'. ಎರಡೂ ಬೇಕಾದ್ದರಿಂದ ಅವನ ಹತ್ತಿರ ಹೋಗುವ ಮೊದಲೇ ಸೇವ್ ಮಾಡಿ. ಮೊದಲು ಹೇಳಿದ ಮಾತು ಕೇಳಿ, ಆಮೇಲೆ ಎಫ್9 ಒತ್ತಿ ಹಿಂದಕ್ಕೆ ಬಂದು ಡಬ್ಬಿಯನ್ನು ಅವನತ್ತ ಎಸೆಯಿರಿ. ಕಥೆಯನ್ನು ಈ ಎರಡನೆಯ ದಾರಿಯಿಂದಲೇ ಮುಂದುವರಿಸಿ. ನಾವು ಆಡುವ ಪಾತ್ರವಾದ ಗಾರ್ಡನ್ ಫ್ರೀಮನ್‌ಗೆ ಒಪ್ಪುವುದು ಅದೇ ಎಂಬುದು ನನ್ನ ಅಭಿಪ್ರಾಯ.

ಡಾಕ್ಟರ್ ಕ್ಲೈನರ್ ಅವರ ಪ್ರಯೋಗಾಲಯದಿಂದ ಹೊರಡುವ ಮೊದಲು ಅಲ್ಲಿರುವ ಪುಟ್ಟ ಟೆಲಿಪೋರ್ಟರ್ ಕೆಡಬೇಕು. ಅದು 'ವಾಟ್ ಕ್ಯಾಟ್?'. ಕಾಲುವೆಗಳ ಅಧ್ಯಾಯದಲ್ಲಿ ಚಾವಣಿಯಿಂದ ನಾಲಗೆ ಇಳಿಬಿಟ್ಟ ಬಾರ್ನಕಲ್‌ಗಳು ಗುಂಪಾಗಿರುವ ಸುರಂಗ ಬರುತ್ತದೆ. ಸ್ಫೋಟಿಸುವ ಪೀಪಾಯಿಗಳನ್ನು ಅವುಗಳ ಕಡೆಗೆ ಉರುಳಿಸಿ, ಅವು ಸುಮ್ಮನೆ ಮೇಲಕ್ಕೆಳೆದುಕೊಳ್ಳುತ್ತವೆ. ಗುಂಪಿನ ನಡುವಿನ ಪೀಪಾಯಿ ಪೂರ್ತಿ ಮೇಲೇರುವವರೆಗೆ ಕಾದು ಗುಂಡು ಹೊಡೆಯಿರಿ. ಒಂದೇ ಪೀಪಾಯಿಯಿಂದ ಐದು ಸತ್ತರೆ 'ಬಾರ್ನಕಲ್ ಬೌಲಿಂಗ್' ನಿಮ್ಮದು. ವಸ್ತುಗಳನ್ನು ಎಳೆದು ಎಸೆಯುವ ಗ್ರಾವಿಟಿ ಗನ್ ಸಿಗುವ ಬಯಲಿನಲ್ಲಿ ಡಾಗ್ ಎಂಬ ಯಂತ್ರದ ಜತೆ ಆಡುವ ಚೆಂಡನ್ನು ಬುಟ್ಟಿಗೆ ಹಾಕಿದರೆ 'ಟೂ ಪಾಯಿಂಟ್ಸ್'. ಆ ಹಳೆಯ ಸಾಮಾನುಗಳ ನಡುವೆಯೇ ಬಿದ್ದಿರುವ ಎಚ್‌ಇವಿ ಸೂಟಿಗೆ (ಗಾರ್ಡನ್ ತೊಡುವ ರಕ್ಷಾಕವಚ) ಶಕ್ತಿ ತುಂಬುವ ಚಾರ್ಜರಿನ ಮುಂಭಾಗದ ಫಲಕವನ್ನೂ ಹುಡುಕಿ ಎತ್ತಿಕೊಳ್ಳಿ.

ಇನ್ನು ಜಾಂಬಿಗಳು ತುಂಬಿದ ಊರು ರೇವನ್‌ಹೋಮ್. ಇಡೀ ಅಧ್ಯಾಯವನ್ನು ಗ್ರಾವಿಟಿ ಗನ್ ಒಂದರಿಂದಲೇ ದಾಟಬೇಕು, ಇದಕ್ಕೆ 'ಜಾಂಬಿ ಚಾಪರ್' ಎಂದು ಹೆಸರು. ನನ್ನ ಲೆಕ್ಕದಲ್ಲಿ ಈ ಆಟದ ಅತ್ಯುತ್ತಮ ಅಚೀವ್‌ಮೆಂಟ್‌ ಇದೇ, ಏಕೆಂದರೆ ಆ ಊರನ್ನು ಆಡಬೇಕಾದ ರೀತಿಯೇ ಇದು. ಕಬ್ಬಿಣದ ಕ್ರೋಬಾರ್ ಬೀಸಿದರೂ ಷರತ್ತು ಮುರಿಯುತ್ತದೆ, ಹಾಗಾಗಿ ಮರದ ಪೆಟ್ಟಿಗೆ ಒಡೆಯಲೂ ಗ್ರಾವಿಟಿ ಗನ್ನನ್ನೇ ಬಳಸಿ. ಹೊಸ ಆಯುಧವನ್ನು ಕೈಗೆತ್ತಿಕೊಂಡಾಗಲೆಲ್ಲ ಈಗ ಕೈಯಲ್ಲಿರುವುದು ಯಾವುದು ಎಂದು ನೋಡಿಕೊಂಡೇ ಮೌಸಿನ ಗುಂಡಿ ಒತ್ತಿ.

ಮೊದಲ ಕಟ್ಟಡದಲ್ಲೇ ಗೋಡೆಗೆ ನಾಟಿರುವ ಗರಗಸದ ಚಕ್ರಗಳು ಸಿಗುತ್ತವೆ. ಬಲಗುಂಡಿಯಿಂದ ಎಳೆದುಕೊಂಡರೆ ಚಕ್ರ ಅಡ್ಡವಾಗಿ ಗಾಳಿಯಲ್ಲಿ ನಿಲ್ಲುತ್ತದೆ, ಎಡಗುಂಡಿ ಒತ್ತಿದರೆ ಎದುರಿನವನನ್ನು ಸೊಂಟದಲ್ಲಿ ಸೀಳಿ ಹಿಂದಿನ ಗೋಡೆಗೆ ಹೋಗಿ ನಾಟಿಕೊಳ್ಳುತ್ತದೆ. ಹೋಗಿ ಮತ್ತೆ ಕಿತ್ತುಕೊಳ್ಳಿ. ಇಬ್ಬರು ಸಾಲಾಗಿ ಬರುವವರೆಗೆ ಹಿಂದೆ ಸರಿಯುತ್ತಾ ಕಾದರೆ ಒಂದೇ ಏಟಿಗೆ ಇಬ್ಬರೂ ಉರುಳುತ್ತಾರೆ. ಚಕ್ರವಿಲ್ಲದ ಕಡೆ ಗೋಡೆಬದಿಯ ರೇಡಿಯೇಟರ್‌ ಹುಡುಕಿ, ಎಷ್ಟು ಸಲ ಎಸೆದರೂ ಅದು ಒಡೆಯುವುದಿಲ್ಲ. ಪಾದ್ರಿ ಗ್ರಿಗೊರಿ ಊರಿನ ತುಂಬ ಬಲೆಗಳನ್ನು ಹೂಡಿಟ್ಟಿದ್ದಾನೆ: ಮೇಲಿಂದ ಬೀಳುವ ಕಾರುಗಳು, ಎಂಜಿನ್‌ನಿಂದ ತಿರುಗುವ ಅಲಗುಗಳು, ಅನಿಲದ ಬೆಂಕಿ. ಅವುಗಳನ್ನು ಧಾರಾಳವಾಗಿ ಬಳಸಿಕೊಳ್ಳಿ.

ಕಷ್ಟದ ಜಾಗ ಮಾಳಿಗೆಯ ಮೇಲಿದೆ. ಗ್ರಿಗೊರಿ ಕಳಿಸುವ ತೂಗುಬಂಡಿಗಾಗಿ ಕಾಯುವಾಗ ಓಡುವ ಜಾಂಬಿಗಳು ನೀರಿನ ಕೊಳವೆಗಳನ್ನು ಹಿಡಿದು ಮೇಲೇರಿ ಬರುತ್ತವೆ. ಆ ಕಾಯುವಿಕೆ ಆರಂಭವಾಗುವ ಮೊದಲೇ ಸುತ್ತಲಿನ ಭಾರದ ವಸ್ತುಗಳನ್ನೆಲ್ಲ ತಂದು ಒಂದು ಮೂಲೆಯಲ್ಲಿ ಗುಡ್ಡೆ ಹಾಕಿ, ಬೆನ್ನನ್ನು ಗೋಡೆಗೆ ಕೊಟ್ಟು ನಿಲ್ಲಿ. ಕೊಳವೆ ನಡುಗುವ ಸದ್ದು ಯಾವ ಕಡೆಯಿಂದ ಬರುತ್ತಿದೆ ಎಂದು ಕಿವಿಗೊಟ್ಟು ಕೇಳಿದರೆ ಅರ್ಧ ಗೆದ್ದಂತೆ. ಕಪ್ಪು ವಿಷದ ಪುಟ್ಟ ಜೀವಿ ಹೆಡ್‌ಕ್ರ್ಯಾಬ್ ಕಚ್ಚಿ ಜೀವ 1ಕ್ಕೆ ಇಳಿದರೆ ಕಂಗೆಡಬೇಡಿ. ಸೂಟು ಮದ್ದು ಕೊಟ್ಟು ನಿಧಾನವಾಗಿ ಮೇಲಕ್ಕೆತ್ತುತ್ತದೆ, ಅಲ್ಲಿಯವರೆಗೆ ಬೇರೆ ಏಟು ಬೀಳದಂತೆ ನೋಡಿಕೊಂಡರೆ ಸಾಕು. ಸ್ಮಶಾನದಲ್ಲಿ ಗ್ರಿಗೊರಿಯನ್ನು ಜೀವಂತವಾಗಿ ದಾಟಿಸಿದರೆ 'ಹ್ಯಾಲೋಡ್ ಗ್ರೌಂಡ್' ಕೂಡ ಬರುತ್ತದೆ. 'ಜಾಂಬಿ ಚಾಪರ್' ಪರದೆಯ ಮೇಲೆ ಮೂಡುವವರೆಗೆ ಬೇರೆ ಆಯುಧದಿಂದ ಒಂದು ಗುಂಡೂ ಹಾರಬಾರದು.

ಹೈವೇ 17ರಲ್ಲಿ ಮಾಡಬೇಕಾದ ವಿಶೇಷ ಒಂದೇ. ಕ್ರಾಸ್‌ಬೋ ಸಿಕ್ಕಿದ ಮೇಲೆ ಅದರ ಸರಳಿನಿಂದ ಸೈನಿಕನೊಬ್ಬನನ್ನು ಜಾಹೀರಾತು ಫಲಕಕ್ಕೆ ಹೊಡೆದು ನಾಟಿಸಬೇಕು.

ಸ್ಯಾಂಡ್‌ಟ್ರ್ಯಾಪ್ಸ್‌ನ ಕಡಲತೀರ ತಾಳ್ಮೆ ಬೇಡುತ್ತದೆ. ಮರಳಿಗೆ ಕಾಲು ತಾಗಿದರೆ ದೈತ್ಯ ಹುಳುಗಳಾದ ಆಂಟ್‌ಲಯನ್‌ಗಳು ಎದ್ದು ಬರುತ್ತವೆ. ಒಮ್ಮೆಯೂ ತಾಗದಂತೆ ದಾಟಿದರೆ 'ಕೀಪ್ ಆಫ್ ದ ಸ್ಯಾಂಡ್!'. ಬಂಡೆಯಿಂದ ಬಂಡೆಗೆ ಜಿಗಿಯಬಹುದಾದ ಕಡೆಯೂ ನಾನು ಜಿಗಿಯುವುದಿಲ್ಲ, ಹಲಗೆ ಹಾಸಿಯೇ ನಡೆಯುತ್ತೇನೆ. ಅಗಲವಾದ ಎರಡು ಮರದ ಹಲಗೆಗಳಿದ್ದರೆ ಸಾಕು. ಮುಂದಿನದರ ಮೇಲೆ ನಿಂತು ಹಿಂದಕ್ಕೆ ತಿರುಗಿ, ಹಿಂದಿನದನ್ನು ಬಲಗುಂಡಿಯಿಂದ ಎಳೆದುಕೊಂಡು ಮತ್ತೆ ಮುಂದಕ್ಕೆ ತಿರುಗಿ, ನೋಟವನ್ನು ನೆಲಕ್ಕೆ ಇಳಿಸಿ ಬಲಗುಂಡಿಯಿಂದಲೇ ಬಿಡಿ. ಎಡಗುಂಡಿ ಒತ್ತಿದರೆ ಹಲಗೆ ದೂರಕ್ಕೆ ಹಾರಿಹೋಗುತ್ತದೆ. ಎರಡು ಹಲಗೆಗಳ ಅಂಚುಗಳು ಒಂದರ ಮೇಲೊಂದು ಸ್ವಲ್ಪ ಕೂರಲಿ, ಮತ್ತು ಒಂದರಿಂದ ಇನ್ನೊಂದಕ್ಕೆ ಬಗ್ಗಿಕೊಂಡೇ ಸಾಗಿ. ಬಂಡೆಯೊಂದರ ಮೇಲೆ ಭದ್ರವಾಗಿ ನಿಂತು, ಹುಳುಗಳು ಎದ್ದಿಲ್ಲ ಎಂದು ಖಚಿತವಾದ ಮೇಲೆ ಮಾತ್ರ ಸೇವ್ ಮಾಡಿ. ಕಾಲು ಜಾರಿದ ಅನುಮಾನ ಬಂದರೂ ಎಫ್9. ಅವಸರ ಪಡದೆ ಆಡಿದರೆ ಗಾಳಿ, ಅಲೆ, ಬಂಡೆ ಎಲ್ಲವೂ ಬೇರೆಯಾಗಿ ಕಾಣುತ್ತವೆ. ಓಡಿ ದಾಟಿದವರಿಗೆ ಈ ತೀರದ ಚೆಲುವು ಸಿಕ್ಕಿರುವುದಿಲ್ಲ.

ನೋವಾ ಪ್ರಾಸ್ಪೆಕ್ಟ್ ಜೈಲಿನ ಹೊತ್ತಿಗೆ ಅದೇ ಹುಳುಗಳು ನಿಮ್ಮ ಮಾತು ಕೇಳುತ್ತವೆ. ಅವುಗಳಿಂದ 50 ಶತ್ರುಗಳನ್ನು ಕೊಲ್ಲಿಸಬೇಕು, ಆದ್ದರಿಂದ ನಿಮ್ಮ ಬಂದೂಕಿಗೆ ವಿಶ್ರಾಂತಿ ಕೊಟ್ಟು ಅವುಗಳನ್ನು ಸೆಳೆಯುವ ವಾಸನೆಯ ಚೆಂಡುಗಳನ್ನು ಸೈನಿಕರತ್ತ ಎಸೆಯುತ್ತಾ ಹಿಂದೆ ನಿಲ್ಲಿ. ಜೈಲಿನ ಶೌಚಾಲಯದ ಕಮೋಡನ್ನು ಗ್ರಾವಿಟಿ ಗನ್ನಿನಿಂದ ಎತ್ತಿ ಶತ್ರುವಿನ ಮೇಲೆಸೆದು ಕೊಂದರೆ 'ಫ್ಲಶ್ಡ್'. ಮುಂದೆ ಸಿಟಿ 17ರ ಬೀದಿಗಳಲ್ಲಿ ಹಾರಾಡುವ ಅಲಗಿನ ಯಂತ್ರ ಮ್ಯಾನ್‌ಹ್ಯಾಕ್ ಒಂದನ್ನು ಎಳೆದು ಹಿಡಿದು, ಎದುರಿಗೆ ಸಿಕ್ಕವರಿಗೆ ಒತ್ತುತ್ತಾ ಹೋದರೆ 'ಹ್ಯಾಕ್ ಅಟ್ಯಾಕ್!'ನ ಐದು ಸಾವು ಬೇಗ ತುಂಬುತ್ತವೆ.

ಕೊನೆಗೆ ಉಳಿಯುವುದು ಸಾಮಾನ್ಯವಾಗಿ 'ಲ್ಯಾಂಬ್ಡಾ ಲೊಕೇಟರ್'. ಬಂಡಾಯಗಾರರು ಬಚ್ಚಿಟ್ಟ 45 ಸಾಮಗ್ರಿ ತಾಣಗಳನ್ನೂ ಹುಡುಕಬೇಕು. ಹತ್ತಿರದಲ್ಲೆಲ್ಲೋ ಲ್ಯಾಂಬ್ಡಾ (λ) ಅಕ್ಷರವನ್ನು ಬಣ್ಣದಲ್ಲಿ ಬರೆದಿರುತ್ತಾರೆ. ದೋಣಿ ಮತ್ತು ಕಾರಿನ ಅಧ್ಯಾಯಗಳಲ್ಲೇ ಹೆಚ್ಚಾಗಿ ತಪ್ಪಿಹೋಗುತ್ತವೆ, ಏಕೆಂದರೆ ಅಲ್ಲಿ ವೇಗವಾಗಿ ಸಾಗುತ್ತಿರುತ್ತೇವೆ. ಸೇತುವೆ ಕಂಡಲ್ಲಿ ಇಳಿದು ಅದರ ಅಡಿಯನ್ನು ನೋಡಿ, ಒಂಟಿ ಮನೆ ಕಂಡಲ್ಲಿ ಹಿತ್ತಲು ಮತ್ತು ಮಾಡನ್ನು ನೋಡಿ, ದೊಡ್ಡ ಕೊಳವೆ ಕಂಡಲ್ಲಿ ಒಳಗೆ ನುಗ್ಗಿ. ಸಿಕ್ಕಿದ್ದನ್ನು ಅಧ್ಯಾಯದ ಪ್ರಕಾರ ಕಾಗದದಲ್ಲಿ ಬರೆದಿಡಿ. ಹಾಗೆ ಮಾಡಿದರೆ ಯಾವ ಅಧ್ಯಾಯದ ಸೇವ್ ತೆರೆದು ಮತ್ತೆ ಹುಡುಕಬೇಕು ಎಂಬುದು ಆ ಕಾಗದದಲ್ಲೇ ಇರುತ್ತದೆ.