ತುಡುವೆ ಹುಳದ ದಾರಿ ಹಿಡಿದು

ಶಿರಸಿ ಕಡೆಯ ನಮ್ಮ ಅಡಿಕೆ ತೋಟದಲ್ಲಿ ಒಂದು ತುಡುವೆ ಜೇನಿನ ಪೆಟ್ಟಿಗೆ ಇಡಬೇಕು ಅಂತ ಬಹಳ ಆಸೆ ಇತ್ತು. ಎರಡು ವಾರ ಬೆಟ್ಟ ಸುತ್ತಿದೆ. ಕಂಡ ಪೊಟರೆ, ಹುತ್ತವನ್ನೆಲ್ಲ ಇಣುಕಿದೆ. ಒಂದೂ ಸಿಗಲಿಲ್ಲ. ಕೊನೆಗೆ ಗೂಡು ಹುಡುಕುವುದನ್ನು ಬಿಟ್ಟು ಹುಳವನ್ನೇ ನೋಡತೊಡಗಿದೆ.

ಡಿಸೆಂಬರ್ ತಿಂಗಳು. ಬಿಸಿಲೇರಿದ ಮೇಲೆ ಹುಲ್ಲು ಬೆಳೆಯುವ ಬೇಣದ ಕಲ್ಲೊಂದರ ಮೇಲೆ ತಟ್ಟೆಯಲ್ಲಿ ಸಕ್ಕರೆ ಪಾಕ ಇಟ್ಟೆ. ಹುಳ ಮುಳುಗದಿರಲಿ ಅಂತ ಮೇಲೆ ನಾಲ್ಕು ಹುಲ್ಲುಕಡ್ಡಿ. ಪಕ್ಕದಲ್ಲಿ ಕೆಂಡದ ಮೇಲೆ ಹಳೇ ಮೇಣದ ಚೂರು. ಪಾಕಕ್ಕೆ ವಾಸನೆ ಕಡಿಮೆ, ಮೇಣದ ವಾಸನೆ ದೂರ ಹೋಗುತ್ತದೆ. ಮುಕ್ಕಾಲು ಗಂಟೆಗೆ ಮೊದಲ ಹುಳ ಬಂತು. ಅದು ಹೀರುತ್ತಿದ್ದಾಗಲೇ ಕಡ್ಡಿಯ ತುದಿಯಿಂದ ಬೆನ್ನ ಮೇಲೆ ಶೇಡಿ ಮಣ್ಣಿನ ಚುಕ್ಕಿ ಇಟ್ಟೆ.

ಹೊಟ್ಟೆ ತುಂಬಿದ ಮೇಲೆ ಅದು ನೇರ ಹಾರಲಿಲ್ಲ. ತಟ್ಟೆಯ ಕಡೆ ಮುಖ ತಿರುಗಿಸಿ ಆಚೀಚೆ ತೂಗಿತು. ಆಮೇಲೆ ದೊಡ್ಡ ದೊಡ್ಡ ಸುತ್ತು ಹಾಕುತ್ತ ಮೇಲೇರಿತು. ಕಲ್ಲು, ಮರ, ತಟ್ಟೆ ಎಲ್ಲವನ್ನೂ ಕಣ್ಣಲ್ಲಿ ತುಂಬಿಕೊಳ್ಳುವ ರೀತಿ ಅದು. ಮೂರನೇ ಸಲ ಬಂದು ಹೋಗುವಾಗ ಆ ಸುತ್ತಾಟ ಇರಲಿಲ್ಲ. ಗೆರೆ ಎಳೆದ ಹಾಗೆ ಹೊರಟಿತು. ಬಿಸಿಲಿಗೆ ಎದುರಾಗಿ ಕೂತರೆ ರೆಕ್ಕೆ ಹೊಳೆದು ಸ್ವಲ್ಪ ದೂರದವರೆಗೆ ಕಾಣುತ್ತದೆ. ಚುಕ್ಕಿ ಹುಳ ಏಳು ನಿಮಿಷಕ್ಕೆ ವಾಪಸ್ಸು! ಅಂದರೆ ಗೂಡು ಹತ್ತಿರದಲ್ಲೇ ಇದೆ, ಅಲ್ವಾ?

ಮಧ್ಯಾಹ್ನಕ್ಕೆ ತಟ್ಟೆ ತುಂಬ ಹುಳ. ಕತ್ತಲ ಗೂಡಿನೊಳಗೆ, ನೇತಾಡುವ ಮೇಣದ ಎರಿಯ ಮೇಲೆ ಕುಣಿದು ಅವು ದಾರಿ ಹೇಳುತ್ತವೆ. ನೇರ ಮೇಲ್ಮುಖವಾಗಿ ಕುಣಿದರೆ ಸೂರ್ಯನಿರುವ ದಿಕ್ಕಿಗೆ ಹೋಗಿ ಅಂತ. ಬಲಕ್ಕೆ ವಾಲಿ ಕುಣಿದರೆ ಸೂರ್ಯನ ಬಲಕ್ಕೆ ಅಷ್ಟೇ ಓರೆಯಾಗಿ. ಮೋಡವಿದ್ದರೂ ನೀಲಿ ಆಕಾಶದ ಒಂದು ತುಂಡು ಕಂಡರೆ ಸಾಕು, ಅಲ್ಲಿಯ ಬೆಳಕಿನಿಂದಲೇ ಸೂರ್ಯ ಎಲ್ಲಿದ್ದಾನೆ ಅಂತ ತಿಳಿಯುತ್ತವೆ. ಈ ಕುಣಿತ ಬಿಡಿಸಿ ಹೇಳಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಬಂತು.

ಮರುದಿನ ಕೆಲವು ಹುಳಗಳನ್ನು ಬಾಟಲಿಯಲ್ಲಿ ಹಿಡಿದು ನೂರು ಹೆಜ್ಜೆ ಪಕ್ಕಕ್ಕೆ ಹೋಗಿ ಬಿಟ್ಟೆ. ಅಲ್ಲಿಂದ ಇನ್ನೊಂದು ಗೆರೆ ಸಿಕ್ಕಿತು. ಎರಡು ಗೆರೆ ಕೂಡಿದ ಕಡೆ ಮತ್ತಿ ಮರದ ಬುಡದ ಹುತ್ತ. ಎರಡು ಸಲ ನಾನೇ ದಾಟಿಹೋಗಿದ್ದ ಜಾಗ ಅದು!

ತಪ್ಪು ಮಾಡಿದ್ದು ಆಮೇಲೆ. ಎರಿ ಕಟ್ಟಿ, ರಾಣಿ ಸಮೇತ ಪೆಟ್ಟಿಗೆಗೆ ಹಾಕಿ, ಅದೇ ಸಂಜೆ ಮನೆ ಹಿತ್ತಲಿಗೆ ತಂದೆ. ಹುತ್ತದಿಂದ ಇನ್ನೂರು ಮೀಟರ್ ಅಷ್ಟೇ. ಮರುದಿನ ಮೇವಿಗೆ ಹೋದ ಹುಳಗಳೆಲ್ಲ ನೆನಪಿದ್ದ ದಾರಿಯಲ್ಲೇ ಹಳೇ ಹುತ್ತಕ್ಕೆ ವಾಪಸ್ಸಾಗಿದ್ದವು. ಒಡೆದ ಮಣ್ಣಿನ ಮೇಲೆ ಗುಂಪಾಗಿ ಕೂತಿದ್ದನ್ನು ನೋಡಿ ಹೊಟ್ಟೆ ಕಿವುಚಿದ ಹಾಗಾಯಿತು. ಸಂಜೆ ಅವನ್ನೂ ಬಳಿದು ತಂದು ಪೆಟ್ಟಿಗೆಗೆ ಸೇರಿಸಿದೆ. ರಾತ್ರಿಯೇ ಐದು ಕಿಲೋಮೀಟರ್ ದೂರದ ನೆಂಟರ ಮನೆಗೆ ಒಯ್ದೆ. ಹಳೇ ಗುರುತು ಒಂದೂ ಕಾಣದ ಜಾಗದಲ್ಲಿ ಅವು ಹೊಸದಾಗಿ ದಾರಿ ಕಲಿಯಲೇಬೇಕು.

ಮೂರು ವಾರ ಬಿಟ್ಟು ಹಿತ್ತಲಿಗೆ ತಂದೆ. ಬೆಳಿಗ್ಗೆ ಬಾಗಿಲಿಗೆ ಅಡ್ಡ ಎರಡು ಸೊಪ್ಪಿನ ಎಲೆ ಸಿಕ್ಕಿಸಿ ಕಾದು ಕೂತೆ. ಮೊದಲ ಹುಳ ಎಲೆ ಸರಿಸಿಕೊಂಡು ಹೊರಬಂತು. ಪೆಟ್ಟಿಗೆಯ ಕಡೆ ಮುಖ ತಿರುಗಿಸಿ ಆಚೀಚೆ ತೂಗಿತು. ಆಮೇಲೆ ನಿಧಾನ ಸುತ್ತು ದೊಡ್ಡದಾಯಿತು.